ಗಣಕದೊಳಗೊಂದು ಗಣಕ: ಉಚಿತ ವರ್ಚುವಲ್ ಮಷೀನ್‌ಗಳ ಇತಿಹಾಸ ಮತ್ತು ನಮ್ಮ ಹಳೆಯ ಸಂಚಿಕೆಗಳು



ನಮ್ಮ ಕಡೆಯ ಶಿಕ್ಷಣ ಸಂಸ್ಥೆಗಳ ವಾರ್ಷಿಕ ಸಂಚಿಕೆಗಳಿಗೆ ಸಾಮಾನ್ಯವಾಗಿ ಎರಡು ಮುಖಪುಟಗಳಿರುತ್ತವೆ. ಒಂದು ಬದಿಯಿಂದ ತೆರೆದರೆ ಕನ್ನಡ, ತಿರುಗಿಸಿ ಇನ್ನೊಂದು ಬದಿಯಿಂದ ತೆರೆದರೆ ಉರ್ದು. ನಡುವೆ ಎಲ್ಲೋ ಒಂದು ಪುಟದಲ್ಲಿ ಎರಡೂ ಭಾಷೆಗಳು ಎದುರಾಗುತ್ತವೆ. ರಾಯಚೂರು ಜಿಲ್ಲೆಯವರಾದ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. 1948ರ ಸೆಪ್ಟೆಂಬರ್‌ವರೆಗೆ ನಾವು ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಕಚೇರಿಯ ಕಾಗದ ಉರ್ದುವಿನಲ್ಲಿ, ಸಂತೆಯ ಮಾತು ಕನ್ನಡದಲ್ಲಿ ನಡೆಯುತ್ತಿತ್ತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯವನ್ನು ಸೇರಿದೆವು. ಎರಡು ಲಿಪಿಗಳು ಮಾತ್ರ ನಮ್ಮ ಮನೆಗಳಲ್ಲಿ ಉಳಿದುಕೊಂಡವು.

ಈಗ ಒಂದು ಪ್ರಶ್ನೆ ಕೇಳುತ್ತೇನೆ. 2003ರಲ್ಲೋ 2006ರಲ್ಲೋ ಅಚ್ಚಾದ ಇಂಥ ಒಂದು ಸಂಚಿಕೆಯ ಕಡತ ನಿಮ್ಮ ಸಂಸ್ಥೆಯ ಬೀರುವಿನಲ್ಲಿ ಸಿ.ಡಿ.ಯ ರೂಪದಲ್ಲಿ ಇದೆ ಎಂದಿಟ್ಟುಕೊಳ್ಳಿ. ಅದನ್ನು ಇಂದಿನ ಹೊಸ ಗಣಕಯಂತ್ರಕ್ಕೆ ಹಾಕಿ ತೆರೆಯಬಲ್ಲಿರಾ? ಹೆಚ್ಚಿನವರ ಉತ್ತರ 'ಇಲ್ಲ' ಎಂದೇ ಆಗಿರುತ್ತದೆ. ಆ ಪುಟಗಳಲ್ಲಿ ಏನೇನಿತ್ತು ಎಂಬುದನ್ನು ನೆನಪಿಸಿಕೊಳ್ಳಿ. ಏಳನೆಯ ತರಗತಿಯ ಹುಡುಗಿ ಬರೆದ ಮೊದಲ ಕವನ, ತೀರಿಕೊಂಡ ಹಿರಿಯ ಉಸ್ತಾದರ ಬಗ್ಗೆ ಅವರ ಶಿಷ್ಯರು ಬರೆದ ಲೇಖನ, ವಿದ್ಯಾರ್ಥಿವೇತನ ಪಡೆದವರ ಪಟ್ಟಿ, ಊರಿನ ಶಾಲೆ ಕಟ್ಟಿದ ಬಗೆಯ ವಿವರ. ಅಚ್ಚಾದ ಪ್ರತಿ ಒಂದೋ ಎರಡೋ ಉಳಿದಿರಬಹುದು, ಅದನ್ನೂ ಗೆದ್ದಲು ಬಿಟ್ಟಿದ್ದರೆ! ಮೂಲ ಕಡತ ಕಣ್ಣೆದುರಿಗೇ ಇದ್ದರೂ ಬೀಗ ಹಾಕಿದ ಪೆಟ್ಟಿಗೆಯಂತೆ ಬಿದ್ದಿರುತ್ತದೆ. ಈ ಬೀಗವನ್ನು ತೆರೆಯಲು ದುಡ್ಡಿಲ್ಲದೆ ಸಿಗುವ ಒಂದು ಕೀಲಿಕೈಯೇ ವರ್ಚುವಲ್ ಮಷೀನ್. ಅದರ ಇತಿಹಾಸವನ್ನು, ಅದರಿಂದಾಗುವ ಲಾಭ ನಷ್ಟಗಳನ್ನು ಇಲ್ಲಿ ನೋಡೋಣ.

ಬೀಗ ಬಿದ್ದದ್ದು ಹೇಗೆ?

ಮೊದಲು ಉರ್ದು ಪುಟಗಳ ಕಥೆ. ಉರ್ದುವಿನ ನಸ್ತಾಲೀಕ್ ಬರಹ ಅಚ್ಚಿನ ಮೊಳೆಗೆ ಸುಲಭವಾಗಿ ಒಗ್ಗುವಂಥದ್ದಲ್ಲ. ಅಕ್ಷರಗಳು ಒಂದೇ ಗೆರೆಯ ಮೇಲೆ ಸಾಲಾಗಿ ನಿಲ್ಲುವುದಿಲ್ಲ, ಮೇಲಿನಿಂದ ಕೆಳಕ್ಕೆ ಇಳಿಜಾರಾಗಿ ಬರುತ್ತವೆ. ಒಂದೇ ಅಕ್ಷರ ತನ್ನ ನೆರೆಯವರನ್ನು ನೋಡಿ ರೂಪ ಬದಲಿಸುತ್ತದೆ. ಆದ್ದರಿಂದ ಇಡೀ ಉರ್ದು ಜಗತ್ತು ಬಹಳ ಕಾಲ ಕಾತಿಬರ ಕೈಯನ್ನೇ ನಂಬಿತ್ತು. ಕಾತಿಬರು ಹಳದಿ ಕಾಗದದ ಮೇಲೆ ಕಲಮಿನಿಂದ ಬರೆಯುವುದು, ಅದನ್ನು ಲಿಥೋ ಅಚ್ಚಿಗೆ ಏರಿಸುವುದು, ಹೀಗೆ ನಡೆಯುತ್ತಿತ್ತು. ಚೆನ್ನೈನಲ್ಲಿ 1927ರಲ್ಲಿ ಆರಂಭವಾದ 'ಮುಸಲ್ಮಾನ್' ದಿನಪತ್ರಿಕೆ ಗಣಕದ ಕಾಲದಲ್ಲಿಯೂ ಕೈಬರಹದಲ್ಲೇ ಬರುತ್ತಿದ್ದುದನ್ನು ನೀವು ಕೇಳಿರಬಹುದು. ಈ ಕಗ್ಗಂಟನ್ನು ಬಿಡಿಸಿದವರು ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್. ಅವರು ಪದದ ತುಣುಕುಗಳನ್ನು ಒಂದೊಂದಾಗಿ, ಸಾವಿರಾರು ಸಂಖ್ಯೆಯಲ್ಲಿ ತಮ್ಮ ಕೈಯಿಂದಲೇ ಬರೆದು, ಅವನ್ನು ಮೋನೋಟೈಪ್ ಕಂಪನಿಯ ಯಂತ್ರಕ್ಕೆ ಒದಗಿಸಿದರು. ಆ ಅಕ್ಷರಮಾಲೆಗೆ ತಮ್ಮ ತಂದೆಯ ಹೆಸರಿನಿಂದ 'ನೂರಿ ನಸ್ತಾಲೀಕ್' ಎಂದು ಹೆಸರಾಯಿತು. 1981ರಲ್ಲಿ 'ಜಂಗ್' ಪತ್ರಿಕೆಯ ಲಾಹೋರ್ ಆವೃತ್ತಿ ಅದರಲ್ಲಿ ಹೊರಬಂತು. 1994ರಲ್ಲಿ ದೆಹಲಿಯ ಕಾನ್ಸೆಪ್ಟ್ ಸಾಫ್ಟ್‌ವೇರ್ ಸಂಸ್ಥೆಯ 'ಇನ್‌ಪೇಜ್' ಈ ಸೌಂದರ್ಯವನ್ನು ಸಾಮಾನ್ಯ ಗಣಕಯಂತ್ರಕ್ಕೆ ತಂದಿತು. ಭಾರತ, ಪಾಕಿಸ್ತಾನ ಎರಡೂ ಕಡೆಯ ಉರ್ದು ಮುದ್ರಣ ಇನ್‌ಪೇಜಿನ ಮೇಲೆ ನಿಂತಿತು. ಆದರೆ ಅದು ವಿಂಡೋಸ್‌ಗೆಂದು ಬರೆದ ತಂತ್ರಾಂಶ. ಅದರ ಹಳೆಯ ಆವೃತ್ತಿಗಳು ಅಕ್ಷರಗಳನ್ನು ತಮ್ಮದೇ ಗುಪ್ತ ಸಂಕೇತದಲ್ಲಿ ಕೂಡಿಡುತ್ತಿದ್ದವು. ಬೇರೆ ಯಾವ ತಂತ್ರಾಂಶಕ್ಕೂ ಅವು ನೇರವಾಗಿ ಅರ್ಥವಾಗುವುದಿಲ್ಲ.

ಕನ್ನಡದ ದಾರಿ ಬೇರೆ, ಆದರೆ ಮುಟ್ಟಿದ ಜಾಗ ಒಂದೇ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ ತಳಹದಿಯ ಮೇಲೆ, ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ', ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ', ಪುಣೆಯ ಮಾಡ್ಯುಲರ್ ಸಂಸ್ಥೆಯ 'ಶ್ರೀಲಿಪಿ' ಇವು ಆ ಕಾಲದ ಮುಖ್ಯ ಸಾಧನಗಳು. ನುಡಿಯೂ ಬರಹವೂ ಅಂದು ಹಣವಿಲ್ಲದೆ ಸಿಗುತ್ತಿದ್ದುದರಿಂದ ಬಡ ಶಾಲೆಗೂ ಕನ್ನಡದಲ್ಲಿ ಪ್ರಶ್ನೆಪತ್ರಿಕೆ ತಯಾರಿಸುವುದು ಸಾಧ್ಯವಾಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಅವುಗಳ ಹಳೆಯ ಫಾಂಟುಗಳಲ್ಲಿ ಒಂದು ಉಪಾಯ ಅಡಗಿತ್ತು. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಲಾಗಿತ್ತು. ನೋಡುವವರಿಗೆ ಕನ್ನಡ ಕಂಡರೂ ಕಡತದ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳೇ. 'ನುಡಿ 01 ಇ' ಎಂಬ ಫಾಂಟು ಇಲ್ಲದ ಗಣಕದಲ್ಲಿ ಆ ಕಡತವನ್ನು ತೆರೆದರೆ ಅರ್ಥವಿಲ್ಲದ ಗೀಚು ಕಾಣುತ್ತದೆ. ಫಾಂಟು ಹಾಕಿಕೊಂಡರೆ ಬಿಡಿ ಪತ್ರಗಳನ್ನು ಹೇಗೋ ಓದಬಹುದು. ಆದರೆ ಸಂಚಿಕೆಯ ಪುಟಗಳನ್ನು ಕಟ್ಟುತ್ತಿದ್ದುದು ಪೇಜ್‌ಮೇಕರ್‌ನಲ್ಲಿ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಕೆಲವೇ ವರ್ಷಗಳಲ್ಲಿ ಅಡೋಬಿ ಕಂಪನಿ ಅದನ್ನು ಕೈಬಿಟ್ಟಿತು. ಅದೇ ಕಂಪನಿಯ ಇನ್‌ಡಿಸೈನ್ ಕೂಡ 2012ರ ಆವೃತ್ತಿಯವರೆಗೆ ಮಾತ್ರ ಪೇಜ್‌ಮೇಕರ್ ಕಡತಗಳನ್ನು ತೆರೆಯುತ್ತಿತ್ತು, ಆಮೇಲೆ ಇಲ್ಲ.

ಹೀಗೆ ನಮ್ಮ ಸಂಚಿಕೆಗೆ ಮೂರು ಬೀಗಗಳು ಬಿದ್ದವು. ಅಕ್ಷರದ ಸಂಕೇತ ಹಳೆಯದು, ಅದನ್ನು ತೆರೆಯುವ ತಂತ್ರಾಂಶ ಹಳೆಯದು, ಆ ತಂತ್ರಾಂಶ ನಡೆಯುವ ವಿಂಡೋಸ್ 98 ಅಥವಾ ಎಕ್ಸ್‌ಪಿ ಹಳೆಯದು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ರಕ್ಷಣೆ 2014ರ ಏಪ್ರಿಲ್ 8ಕ್ಕೆ ನಿಂತಿತು. ಅದು ನಡೆಯುತ್ತಿದ್ದ ಯಂತ್ರಗಳು ನಮ್ಮ ಬೇಸಿಗೆಗೂ ಕರೆಂಟಿನ ಏರುಪೇರಿಗೂ ಸಿಕ್ಕಿ ಒಂದೊಂದಾಗಿ ಗುಜರಿಗೆ ಹೋದವು. ಸಾಲಗುಂದದಂಥ ಊರುಗಳಿಂದ ಸಿಂಧನೂರಿಗೆ ಹೋಗಿ ಡಿಟಿಪಿ ಮಾಡಿಸಿಕೊಂಡು ಬರುತ್ತಿದ್ದವರಿಗೆ ಇದು ಚೆನ್ನಾಗಿ ಗೊತ್ತು; ಅಂಗಡಿ ಬದಲಾದರೆ ಕಡತವೂ ಹೋದಂತೆಯೇ.

ಒಂದೇ ಕಟ್ಟಡ, ಎರಡು ಶಾಲೆ

ವರ್ಚುವಲ್ ಮಷೀನ್ ಎಂದರೇನು? ನಮ್ಮಲ್ಲಿ ಅನೇಕರು ಪಾಳಿ ಶಾಲೆಯಲ್ಲಿ ಓದಿದವರು ಅಥವಾ ಪಾಠ ಮಾಡಿದವರು. ಒಂದೇ ಕಟ್ಟಡದಲ್ಲಿ ಬೆಳಿಗ್ಗೆ ಉರ್ದು ಶಾಲೆ, ಮಧ್ಯಾಹ್ನ ಕನ್ನಡ ಶಾಲೆ. ಎರಡಕ್ಕೂ ಬೇರೆ ಮುಖ್ಯೋಪಾಧ್ಯಾಯರು, ಬೇರೆ ಹಾಜರಿ ಪುಸ್ತಕ, ಬೇರೆ ಬೀರು. ಪ್ರತಿ ಶಾಲೆಯೂ ಕಟ್ಟಡ ಪೂರ್ತಿ ತನ್ನದೇ ಎಂಬಂತೆ ನಡೆದುಕೊಳ್ಳುತ್ತದೆ. ಕೀಲಿಕೈ ಇಟ್ಟುಕೊಂಡು, ಗಂಟೆ ಬಾರಿಸಿ, ಒಬ್ಬರ ಸಾಮಾನು ಇನ್ನೊಬ್ಬರಿಗೆ ಸೇರದಂತೆ ನೋಡಿಕೊಳ್ಳುವ ಜವಾನ ಒಬ್ಬ ಇರುತ್ತಾನೆ. ಗಣಕದಲ್ಲಿ ಈ ಜವಾನನ ಹೆಸರು ಹೈಪರ್‌ವೈಸರ್. ಅವನು ನಿಜವಾದ ಯಂತ್ರದ ಮೆಮೊರಿಯಲ್ಲಿ, ಡಿಸ್ಕಿನಲ್ಲಿ ಒಂದು ಪಾಲು ತೆಗೆದು, 'ಇದೇ ನಿನ್ನ ಗಣಕ' ಎಂದು ಅತಿಥಿಗೆ ಕೊಡುತ್ತಾನೆ. ಹೊರಗೆ ವಿಂಡೋಸ್ 11 ಅಥವಾ ಲಿನಕ್ಸ್ ನಡೆಯುತ್ತಿರುತ್ತದೆ. ಒಳಗೆ, ಒಂದು ಕಿಟಕಿಯಲ್ಲಿ, ವಿಂಡೋಸ್ ಎಕ್ಸ್‌ಪಿ ತಾನು 2004ರಲ್ಲೇ ಇದ್ದೇನೆ ಎಂದು ನಂಬಿಕೊಂಡು ನಡೆಯುತ್ತದೆ. ಪಾಳಿ ಶಾಲೆಗೂ ಇದಕ್ಕೂ ಒಂದೇ ವ್ಯತ್ಯಾಸ: ಇಲ್ಲಿ ಎರಡೂ ಶಾಲೆಗಳು ಏಕಕಾಲಕ್ಕೆ ನಡೆಯಬಲ್ಲವು.

ಈ ವಿದ್ಯೆ ಇತ್ತೀಚಿನದೆಂದು ತಿಳಿಯಬೇಡಿ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಅವರ ಸಂಗಡಿಗರು 1964ರಲ್ಲಿ ಈ ಕೆಲಸ ಆರಂಭಿಸಿದರು. 1967ರ ಜನವರಿಯಲ್ಲಿ ಬಳಕೆಗೆ ಬಂದ ಅವರ ಸಿಪಿ-40 ಎಂಬ ವ್ಯವಸ್ಥೆ ಒಂದು ದೊಡ್ಡ ಯಂತ್ರವನ್ನು 14 ಕಾಲ್ಪನಿಕ ಯಂತ್ರಗಳಾಗಿ ಹಂಚುತ್ತಿತ್ತು. ಅಂದು ಒಂದು ಗಣಕವೆಂದರೆ ಒಂದು ಕೋಣೆ, ಒಂದು ಜಮೀನಿನ ಬೆಲೆ. ಆದ್ದರಿಂದ ಹಂಚಿಕೊಳ್ಳದೆ ಗತಿಯಿರಲಿಲ್ಲ. ಅದರ ಮುಂದಿನ ರೂಪವಾದ ಸಿಪಿ-67ನ್ನು ಐಬಿಎಂ ತನ್ನ ಗಿರಾಕಿಗಳಿಗೆ ಪ್ರತ್ಯೇಕ ಬೆಲೆಯಿಲ್ಲದೆ, ಮೂಲ ಸಂಕೇತದ ಸಮೇತ ಕೊಟ್ಟಿತ್ತು. ಯಂತ್ರಕ್ಕೆ ತೆತ್ತ ಹಣದಲ್ಲೇ ಎಲ್ಲವೂ ಬಂದಂತೆ. 1972ರ ಆಗಸ್ಟ್‌ನಲ್ಲಿ ವಿಎಂ/370 ಪ್ರಕಟವಾಯಿತು. ಅಂದರೆ, ಉಚಿತ ವರ್ಚುವಲ್ ಮಷೀನ್ ಎಂಬ ಮಾತಿಗೆ ಅರ್ಧ ಶತಮಾನಕ್ಕೂ ಹೆಚ್ಚು ವಯಸ್ಸಾಗಿದೆ.

1980ರ ದಶಕದಲ್ಲಿ ಮೇಜಿನ ಮೇಲಿಡುವ ಅಗ್ಗದ ಗಣಕಗಳು ಬಂದ ಮೇಲೆ ಹಂಚಿಕೊಳ್ಳುವ ಅಗತ್ಯ ಕಡಿಮೆಯಾಗಿ ವಿದ್ಯೆ ಮೂಲೆಗೆ ಸರಿಯಿತು. ಅದನ್ನು ಮತ್ತೆ ಹೊರತೆಗೆದದ್ದು 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ವಿಎಂವೇರ್. ಡಯೇನ್ ಗ್ರೀನ್, ಮೆಂಡೆಲ್ ರೋಸೆನ್‌ಬ್ಲಮ್ ಮುಂತಾದ ಐವರು ಅದರ ಸ್ಥಾಪಕರು. 1999ರಲ್ಲಿ ಅವರ ವರ್ಕ್‌ಸ್ಟೇಷನ್ ಬಂತು, ಆದರೆ ದುಡ್ಡು ಕೊಡಬೇಕಿತ್ತು. 2003ರಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಎಂಬ ಅಸಾಮಾನ್ಯ ಪ್ರೋಗ್ರಾಮರ್ ಬಹುಮಟ್ಟಿಗೆ ಒಬ್ಬರೇ ಬರೆದ ಕ್ಯೂಎಮು ಹೊರಬಂತು, ಅದು ಮುಕ್ತ ತಂತ್ರಾಂಶ. ಅದೇ ವರ್ಷ ಮೈಕ್ರೋಸಾಫ್ಟ್ ಕನೆಕ್ಟಿಕ್ಸ್ ಕಂಪನಿಯಿಂದ ವರ್ಚುವಲ್ ಪಿಸಿಯನ್ನು ಕೊಂಡಿತು. 2005ರ ಕೊನೆಯಲ್ಲಿ ವಿಎಂವೇರ್ ಪ್ಲೇಯರ್, 2006ರಲ್ಲಿ ವಿಎಂವೇರ್ ಸರ್ವರ್ ಮತ್ತು ವರ್ಚುವಲ್ ಪಿಸಿ ಎಲ್ಲವೂ ಒಂದರ ಹಿಂದೆ ಒಂದು ಬೆಲೆಯಿಲ್ಲದೆ ದೊರೆಯತೊಡಗಿದವು. 2007ರ ಜನವರಿಯಲ್ಲಿ ಜರ್ಮನಿಯ ಇನ್ನೊಟೆಕ್ ಎಂಬ ಸಣ್ಣ ಕಂಪನಿ ವರ್ಚುವಲ್‌ಬಾಕ್ಸ್ ಅನ್ನು ಮೂಲ ಸಂಕೇತದೊಂದಿಗೆ ಬಿಡುಗಡೆ ಮಾಡಿತು. ಮರುತಿಂಗಳೇ ಲಿನಕ್ಸ್‌ನ ಒಡಲೊಳಗೆ ಕೆವಿಎಂ ಸೇರಿತು. ಇನ್ನೊಟೆಕ್ ಅನ್ನು 2008ರಲ್ಲಿ ಸನ್ ಕೊಂಡಿತು, ಸನ್ ಅನ್ನು 2010ರಲ್ಲಿ ಒರಾಕಲ್ ಕೊಂಡಿತು. ವ್ಯಾಪಾರಿಗಳ ನಡುವೆ ಮೀನು ಮೀನನ್ನು ನುಂಗುವ ಕಥೆ ಇದು. ಆದರೂ ವರ್ಚುವಲ್‌ಬಾಕ್ಸ್ ಇಂದಿಗೂ ಬದುಕಿದೆ. ಏಕೆ ಬದುಕಿದೆ ಎಂಬುದರಲ್ಲೇ ನಾನು ಹೇಳಬೇಕಾದ ಮುಖ್ಯ ಮಾತು ಇದೆ.

ಮುಫ್ತ್ ಬೇರೆ, ಆಜಾದ್ ಬೇರೆ

ಇಂಗ್ಲಿಷಿನವರು ಒಂದೇ ಪದದಲ್ಲಿ ಎರಡು ಅರ್ಥ ತುಂಬಿ ಗೊಂದಲ ಮಾಡಿಕೊಂಡಿದ್ದಾರೆ. ನಮಗೆ ಆ ಕಷ್ಟವಿಲ್ಲ. ಉರ್ದುವಿನಲ್ಲಿ ಮುಫ್ತ್ ಬೇರೆ, ಆಜಾದ್ ಬೇರೆ. ಕನ್ನಡದಲ್ಲಿ ಪುಕ್ಕಟೆ ಬೇರೆ, ಸ್ವತಂತ್ರ ಬೇರೆ. ಮುಫ್ತ್ ಆಗಿ ಸಿಕ್ಕಿದ್ದನ್ನು ಕೊಟ್ಟವರು ಹಿಂದಕ್ಕೆ ತೆಗೆದುಕೊಳ್ಳಬಹುದು. ಆಜಾದ್ ಆದದ್ದನ್ನು ಯಾರೂ ಹಿಂದಕ್ಕೆ ಪಡೆಯಲಾರರು, ಏಕೆಂದರೆ ಅದರ ಮೂಲ ಸಂಕೇತ ಎಲ್ಲರ ಕೈಯಲ್ಲಿರುತ್ತದೆ.

ಇತಿಹಾಸ ಇದಕ್ಕೆ ಸಾಕ್ಷಿ. ಪುಕ್ಕಟೆಯಾಗಿ ಬಂದ ವಿಎಂವೇರ್ ಸರ್ವರ್‌ಗೆ 2011ರಲ್ಲಿ ಬೆಂಬಲ ನಿಂತಿತು. 2009ರಲ್ಲಿ ವಿಂಡೋಸ್ 7ರ ದುಬಾರಿ ಆವೃತ್ತಿಗಳ ಜೊತೆ ಮೈಕ್ರೋಸಾಫ್ಟ್ 'ಎಕ್ಸ್‌ಪಿ ಮೋಡ್' ಕೊಟ್ಟಿತ್ತು. ಪರವಾನಗಿ ಸಮೇತ ತಯಾರಾಗಿ ಬರುತ್ತಿದ್ದ ಎಕ್ಸ್‌ಪಿ ಅದು. ನಮ್ಮ ಇನ್‌ಪೇಜ್, ಪೇಜ್‌ಮೇಕರ್ ಕಡತಗಳಿಗೆ ಅದಕ್ಕಿಂತ ಅನುಕೂಲವಾದದ್ದು ಇನ್ನೊಂದಿರಲಿಲ್ಲ. 2012ರ ವಿಂಡೋಸ್ 8ರಲ್ಲಿ ಅದು ಇಲ್ಲವಾಯಿತು. ವಿಎಂವೇರ್ ಅನ್ನು 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕೊಂಡ ಮೇಲಿನ ಆಟವಂತೂ ಕೇಳಲೇಬೇಕಾದದ್ದು. 2008ರಿಂದ ಬೆಲೆಯಿಲ್ಲದೆ ಕೊಡುತ್ತಿದ್ದ ಇಎಸ್ಎಕ್ಸ್ಐಯನ್ನು 2024ರ ಫೆಬ್ರವರಿಯಲ್ಲಿ ನಿಲ್ಲಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ, ಅದುವರೆಗೆ ಹಣ ಕೊಟ್ಟು ಕೊಳ್ಳಬೇಕಿದ್ದ ವರ್ಕ್‌ಸ್ಟೇಷನ್ ಪ್ರೋವನ್ನು ಸ್ವಂತ ಬಳಕೆಗೆ ಪುಕ್ಕಟೆ ಮಾಡಿದರು, ನವೆಂಬರ್‌ನಲ್ಲಿ ಎಲ್ಲರಿಗೂ ಪುಕ್ಕಟೆ ಎಂದರು. 2025ರ ಏಪ್ರಿಲ್‌ನಲ್ಲಿ ಇಎಸ್ಎಕ್ಸ್ಐಯನ್ನೂ ಮತ್ತೆ ಪುಕ್ಕಟೆ ಮಾಡಿದರು. ಕೊಡುವುದೂ ಅವರ ಇಷ್ಟ, ಕಸಿಯುವುದೂ ಅವರ ಇಷ್ಟ. ಇಂಥ ಕೊಡುಗೆಯ ಮೇಲೆ ಒಂದು ಸಂಸ್ಥೆ ತನ್ನ 20 ವರ್ಷದ ದಾಖಲೆಗಳನ್ನು ಇಡಬಹುದೇ? ನೀವೇ ಯೋಚಿಸಿ.

ವರ್ಚುವಲ್‌ಬಾಕ್ಸ್ ಅರ್ಧ ಆಜಾದ್, ಅರ್ಧ ಮುಫ್ತ್. ಅದರ ಮುಖ್ಯ ಭಾಗ ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿದೆ. ಅದಕ್ಕೆ ಜೋಡಿಸುವ 'ಎಕ್ಸ್‌ಟೆನ್ಷನ್ ಪ್ಯಾಕ್' ಮಾತ್ರ ಒರಾಕಲ್‌ನ ಬೇರೆ ಪರವಾನಗಿಯಲ್ಲಿ ಬರುತ್ತದೆ. ಸ್ವಂತಕ್ಕೆ ಬಳಸುವವರಿಗೆ ಮತ್ತು ಶಿಕ್ಷಣಕ್ಕೆ ಅದು ಉಚಿತ. ಇಲ್ಲಿ ನಮ್ಮಂಥವರು ಎಚ್ಚರ ವಹಿಸಬೇಕು. ಶಿಕ್ಷಣಕ್ಕೆ ಎಂದರೆ ಶಾಲೆಯ ಪಠ್ಯಕ್ರಮದ ಭಾಗವಾಗಿ ಶಿಕ್ಷಕರು, ವಿದ್ಯಾರ್ಥಿಗಳು ಬಳಸುವುದು ಎಂದರ್ಥ. ಸಂಸ್ಥೆಯ ಕಚೇರಿಯಲ್ಲಿ ರಸೀದಿ, ಸಂಚಿಕೆ ತಯಾರಿಸುವುದು ಅದರಲ್ಲಿ ಬರುವುದಿಲ್ಲ. 'ನಾವು ಶಿಕ್ಷಣ ಸಂಸ್ಥೆ ತಾನೇ' ಎಂದುಕೊಂಡು ಕಚೇರಿಯ ಗಣಕಗಳಿಗೆಲ್ಲ ಅದನ್ನು ಹಾಕುವುದು ಸರಿಯಲ್ಲ. ಹಳೆಯ ಕಡತ ತೆರೆಯುವ ಕೆಲಸಕ್ಕೆ ಅದು ಬೇಕಾಗುವುದೂ ಇಲ್ಲ, ಮುಖ್ಯ ಭಾಗವೇ ಸಾಕು. ಪೂರ್ತಿ ಆಜಾದ್ ಬೇಕೆನ್ನುವವರಿಗೆ ಲಿನಕ್ಸ್‌ನ ಮೇಲೆ ಕೆವಿಎಂ, ಕ್ಯೂಎಮು ಇವೆ. ಕಲಿಯುವುದು ಸ್ವಲ್ಪ ಕಷ್ಟ.

ಇನ್ನು ಲಾಭಗಳ ವಿಚಾರ. ಮೊದಲನೆಯದನ್ನು ಆಗಲೇ ಹೇಳಿದ್ದೇನೆ: ಮೂರು ಬೀಗಗಳಲ್ಲಿ ಎರಡನ್ನು ಇದು ತೆರೆಯುತ್ತದೆ. ಎಕ್ಸ್‌ಪಿ ನಡೆಯಲು 512 ಎಂಬಿ ಮೆಮೊರಿ ಧಾರಾಳ. ಆದ್ದರಿಂದ 8 ಜಿಬಿ ಇರುವ ಇಂದಿನ ಸಾಧಾರಣ ಲ್ಯಾಪ್‌ಟಾಪಿಗೆ ಅದು ಭಾರವೇ ಅಲ್ಲ. ಎರಡನೆಯದಾಗಿ, ಅತಿಥಿ ಗಣಕ ಪೂರ್ತಿಯಾಗಿ ಒಂದು ಕಡತ. ಅದನ್ನು ನಕಲು ಮಾಡಿ ಇನ್ನೊಂದು ಡಿಸ್ಕಿನಲ್ಲಿ ಇಡಬಹುದು. ಲಿಂಗಸೂಗೂರಿನಲ್ಲಿ ತಯಾರಿಸಿದ್ದನ್ನು ಮಸ್ಕಿಯಲ್ಲಿ ತೆರೆಯಬಹುದು. ಮೂರನೆಯದು ನನಗೆ ಬಹಳ ಇಷ್ಟವಾದ 'ಸ್ನ್ಯಾಪ್‌ಶಾಟ್' ಸೌಲಭ್ಯ. ಯಂತ್ರ ಸರಿಯಾಗಿರುವಾಗ ಅದರ ಒಂದು ಪಡಿಯಚ್ಚು ತೆಗೆದಿಟ್ಟರೆ ಆಮೇಲೆ ಏನು ಕೆಟ್ಟರೂ ಒಂದು ಗುಂಡಿ ಒತ್ತಿ ಆ ಗಳಿಗೆಗೆ ಮರಳಬಹುದು. ಮಕ್ಕಳಿಗೆ ಗಣಕ ಕಲಿಸುವವರಿಗೆ ಇದು ವರದಾನ. 'ಮುಟ್ಟಬೇಡ, ಕೆಡಿಸುತ್ತೀಯ' ಎಂದು ಬೈಯುವ ಬದಲು 'ಕೆಡಿಸಿ ನೋಡು' ಎನ್ನಬಹುದು. ಹಾರ್ಡ್‌ಡಿಸ್ಕನ್ನು ಅಳಿಸುವುದು, ಲಿನಕ್ಸ್ ಹಾಕುವುದು, ನಾಲ್ಕು ಗಣಕಗಳ ಜಾಲ ಕಟ್ಟುವುದು ಎಲ್ಲವನ್ನೂ ಮಗು ಒಂದೇ ಯಂತ್ರದೊಳಗೆ ಮಾಡಿ ಕಲಿಯುತ್ತದೆ. ಒಂದೇ ಒಳ್ಳೆಯ ಗಣಕವಿರುವ ಹಳ್ಳಿ ಶಾಲೆಗೆ ಇದರ ಬೆಲೆ ಏನೆಂದು ನಗರದವರಿಗಿಂತ ನಮಗೇ ಹೆಚ್ಚು ಗೊತ್ತು.

ನಷ್ಟಗಳೂ ಅಷ್ಟೇ ನಿಜ. ಪೆಟ್ಟಿಗೆ ಉಚಿತವಾಗಿರಬಹುದು, ಆದರೆ ಒಳಗೆ ಇಡುವ ವಿಂಡೋಸ್ ಉಚಿತವಲ್ಲ, ಇನ್‌ಪೇಜ್ ಉಚಿತವಲ್ಲ, ಪೇಜ್‌ಮೇಕರ್ ಉಚಿತವಲ್ಲ. ಯಂತ್ರದ ಜೊತೆಗೇ ಬಂದ ಎಕ್ಸ್‌ಪಿಯ ಪರವಾನಗಿ ಆ ಯಂತ್ರಕ್ಕೆ ಮಾತ್ರ ಸಲ್ಲುತ್ತದೆ, ಬಿಡಿಯಾಗಿ ಕೊಂಡ ಪ್ರತಿಯನ್ನು ಮಾತ್ರ ಬೇರೆಡೆಗೆ ಸಾಗಿಸಬಹುದು. ನಕಲಿ ಪ್ರತಿಗಳ ಮೇಲೆಯೇ ನಮ್ಮ ಡಿಟಿಪಿ ಲೋಕ ಬೆಳೆಯಿತೆಂಬುದು ಗುಟ್ಟೇನಲ್ಲ, ಆದರೆ ಮಕ್ಕಳಿಗೆ ಪ್ರಾಮಾಣಿಕತೆಯ ಪಾಠ ಹೇಳುವ ಸಂಸ್ಥೆಗೆ ಅದು ಒಪ್ಪುವುದಿಲ್ಲ. ಲಿನಕ್ಸ್ ಬಳಸುವವರಿಗೆ 'ವೈನ್' ಎಂಬ ಇನ್ನೊಂದು ಮುಕ್ತ ಸಾಧನ ಇದೆ. ಹೆಸರು ಕೇಳಿ ಗಾಬರಿಯಾಗಬೇಡಿ, ಮದ್ಯಕ್ಕೂ ಅದಕ್ಕೂ ಸಂಬಂಧವಿಲ್ಲ! 1993ರಲ್ಲಿ ಆರಂಭವಾದ ಅದು ವಿಂಡೋಸ್ ಇಲ್ಲದೆಯೇ ವಿಂಡೋಸ್‌ನ ಕೆಲವು ತಂತ್ರಾಂಶಗಳನ್ನು ನಡೆಸುತ್ತದೆ. ಕೆಲವನ್ನು ಮಾತ್ರ ಎಂಬುದು ನೆನಪಿರಲಿ.

ಯಂತ್ರದ ತೊಡಕೂ ಇದೆ. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ತಮ್ಮ ಪ್ರೊಸೆಸರುಗಳಲ್ಲಿ ವರ್ಚುವಲ್ ಮಷೀನ್‌ಗೆಂದೇ ಸೌಲಭ್ಯ ಸೇರಿಸಿದವು, ಆದರೆ ಅಗ್ಗದ ಹಲವು ಮಾದರಿಗಳಿಗೆ ಅದು ಬೇಗ ಬರಲಿಲ್ಲ. ದಾನವಾಗಿ ಬಂದ ಹಳೆಯ ಗಣಕಗಳಲ್ಲಿ ಅದು ಇಲ್ಲದಿರಬಹುದು, ಇದ್ದರೂ ಬಯೋಸ್‌ನಲ್ಲಿ ಮುಚ್ಚಿರಬಹುದು. 2018ರ ಕೊನೆಯಲ್ಲಿ ಬಂದ ವರ್ಚುವಲ್‌ಬಾಕ್ಸ್ 6.0 ಹಳೆಯ 32 ಬಿಟ್ ಗಣಕಗಳನ್ನು ಕೈಬಿಟ್ಟಿತು, ಮರುವರ್ಷದ 6.1 ಆ ಸೌಲಭ್ಯವಿಲ್ಲದ ಪ್ರೊಸೆಸರುಗಳನ್ನು ಕೈಬಿಟ್ಟಿತು. ಅಂದರೆ ಬಡವರ ಯಂತ್ರಕ್ಕೆ ಉಚಿತ ತಂತ್ರಾಂಶವೂ ದೂರವಾಗುತ್ತ ಬಂದಿದೆ. ಪ್ಯಾರಲಲ್ ಪೋರ್ಟಿಗೆ ಚುಚ್ಚುವ ಹಾರ್ಡ್‌ವೇರ್ ಲಾಕ್ ಬೇಡುವ ತಂತ್ರಾಂಶಗಳೂ ಇಲ್ಲಿ ತಕರಾರು ಮಾಡುತ್ತವೆ, ಹೊಸ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟೇ ಇರುವುದಿಲ್ಲ. ಅದಕ್ಕಿಂತಲೂ ಹಿಂದಿನ ಜಿಸ್ಟ್ ಕಾರ್ಡಿನ ಕಾಲದ ಕೆಲಸವಿದ್ದರಂತೂ ಕಷ್ಟ. ಐಐಟಿ ಕಾನ್ಪುರದಲ್ಲಿ ಹುಟ್ಟಿ ಸಿ-ಡ್ಯಾಕ್‌ನಲ್ಲಿ ಬೆಳೆದ ಆ ಕಾರ್ಡನ್ನು ಗಣಕದ ಒಳಗೇ ಕೂರಿಸಬೇಕಿತ್ತು. ಕಲ್ಪಿತ ಗಣಕಕ್ಕೆ ನಿಜವಾದ ಕಾರ್ಡನ್ನು ಎಲ್ಲಿ ಚುಚ್ಚುವುದು?

ಮತ್ತೊಂದು ಅಪಾಯವನ್ನು ಒತ್ತಿ ಹೇಳುತ್ತೇನೆ. 2014ರಿಂದ ರಕ್ಷಣೆಯಿಲ್ಲದ ಎಕ್ಸ್‌ಪಿಯನ್ನು ಇಂಟರ್ನೆಟ್ಟಿಗೆ ಜೋಡಿಸಬೇಡಿ. ಪೆಟ್ಟಿಗೆಯ ಒಳಗಿದೆ, ಏನೂ ಆಗದು ಎನ್ನುವವರು ಇದ್ದಾರೆ. ಹಂಚಿಕೆಯ ಫೋಲ್ಡರ್ ಮೂಲಕ ವೈರಸ್ ಹೊರಗಿನ ಕಡತಗಳನ್ನೂ ಕೆಡಿಸಬಲ್ಲದು. ವರ್ಚುವಲ್ ಮಷೀನಿನ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಕಾರ್ಡನ್ನು ತೆಗೆದುಹಾಕಿ, ಆದರೆ ಹಂಚಿಕೆಯ ಫೋಲ್ಡರಿನ ಅಪಾಯ ಅದರಿಂದ ತಪ್ಪುವುದಿಲ್ಲ. ಹಾಗೆಯೇ ಇಡೀ ಗಣಕ ಒಂದೇ ಕಡತವಾಗಿರುವುದು ಲಾಭ ಎಂದೆನಲ್ಲ, ಅದೇ ನಷ್ಟವೂ ಹೌದು. ಬರೆಯುತ್ತಿರುವಾಗ ಕರೆಂಟು ಹೋಗಿ ಆ ಒಂದು ಕಡತ ಕೆಟ್ಟರೆ ಒಳಗಿನದೆಲ್ಲ ಒಟ್ಟಿಗೆ ಹೋಗುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಮೂರನೆಯ ಬೀಗ

ಅಕ್ಷರದ ಸಂಕೇತವೆಂಬ ಬೀಗವನ್ನು ವರ್ಚುವಲ್ ಮಷೀನ್ ತೆರೆಯುವುದಿಲ್ಲ. ಎಕ್ಸ್‌ಪಿಯೊಳಗೆ ಪೇಜ್‌ಮೇಕರ್ ತೆರೆದಾಗ ಕನ್ನಡ ಕಂಡಿತೆಂದು ಸಂತೋಷಪಡುತ್ತೇವೆ, ಆದರೆ ಕಡತದಲ್ಲಿ ಈಗಲೂ ಇರುವುದು ಇಂಗ್ಲಿಷ್ ಅಕ್ಷರಗಳೇ. ಅಲ್ಲಿಂದ ಪಿಡಿಎಫ್ ಮಾಡಿದರೆ ನೋಡಲು ಪುಟ ಸಿಗುತ್ತದೆ, ಹುಡುಕಲು ಪದ ಸಿಗುವುದಿಲ್ಲ. ಅದಕ್ಕೆ ಯೂನಿಕೋಡ್ ಬೇಕು. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡವೂ ಅರಬ್ಬಿ ಲಿಪಿಯೂ ಇದ್ದವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ 'ತುಂಗಾ' ಎಂಬ ಯೂನಿಕೋಡ್ ಕನ್ನಡ ಫಾಂಟು ಇತ್ತು. ಆದರೂ ನಾವು ಹತ್ತಾರು ವರ್ಷ ಹಳೆಯ ಫಾಂಟುಗಳಲ್ಲೇ ಬರೆದೆವು. ಮುದ್ರಣದವರಿಗೆ ಅದೇ ಅಭ್ಯಾಸ, ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಬಾರದು, ಉರ್ದುವಿನಲ್ಲಿ ನೂರಿಯಷ್ಟು ಸುಂದರವಾದ ಯೂನಿಕೋಡ್ ನಸ್ತಾಲೀಕ್ ಬಹಳ ಕಾಲ ಇರಲಿಲ್ಲ.

ಈ ವಿಷಯದಲ್ಲಿ ನಮ್ಮ ನೆರೆಯ ಕೇರಳ ನಡೆದ ದಾರಿಯನ್ನು ನೋಡಬೇಕು. ಅಲ್ಲಿನ ಐಟಿ@ಸ್ಕೂಲ್ ಯೋಜನೆ 2000ರ ದಶಕದ ಉತ್ತರಾರ್ಧದಲ್ಲಿ ಸರ್ಕಾರಿ ಶಾಲೆಗಳನ್ನು ಪೂರ್ತಿಯಾಗಿ ಮುಕ್ತ ತಂತ್ರಾಂಶಕ್ಕೆ ಬದಲಾಯಿಸಿತು. 2017ರಿಂದ ಅದು 'ಕೈಟ್' ಎಂಬ ಸರ್ಕಾರಿ ಕಂಪನಿಯಾಗಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಗಣಕದ ಪಠ್ಯಪುಸ್ತಕ ಕನ್ನಡದಲ್ಲೇ ಬರುತ್ತದೆ, ಟೈಪು ಯೂನಿಕೋಡಿನಲ್ಲೇ ನಡೆಯುತ್ತದೆ. ನಮ್ಮಲ್ಲಿ ಅದೇ ದಶಕದ ಆರಂಭದ ಮಾಹಿತಿ ಸಿಂಧು ಯೋಜನೆಯಲ್ಲಿ 1000 ಸರ್ಕಾರಿ ಪ್ರೌಢಶಾಲೆಗಳ ಗಣಕ ಶಿಕ್ಷಣವನ್ನು ಖಾಸಗಿ ಕಂಪನಿಗಳಿಗೆ ವಹಿಸಲಾಗಿತ್ತು. ಗುತ್ತಿಗೆ ಮುಗಿದಾಗ ಕಲಿಸುವವರೂ ಹೋದರು. ಮುಂದೆ 2010ರ ದಶಕದ ಆರಂಭದಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗೆ ಉಬುಂಟುವಿನಲ್ಲಿ ತರಬೇತಿ ಸಿಕ್ಕಿತು. ತರಬೇತಿ ಮುಗಿಸಿ ಶಾಲೆಗೆ ಬಂದರೆ ಅಲ್ಲಿ ನುಡಿ, ವಿಂಡೋಸಿನಲ್ಲಿ ಮಾತ್ರ ನಡೆಯುವ ನುಡಿ! ಹೊಸದನ್ನು ಕಲಿತೂ ಹಳೆಯದಕ್ಕೇ ಮರಳಬೇಕಾಯಿತು. ವರ್ಚುವಲ್ ಮಷೀನಿನಂಥ ಊರುಗೋಲು ಬೇಕಾಗುವುದು ಹೀಗೆ ಕೆಲಸ ಮುಂದೂಡಿದವರಿಗೆ.

ಈಗ ಸಾಧನಗಳಿಗೆ ಕೊರತೆಯಿಲ್ಲ. ನುಡಿಗೂ ಬರಹಕ್ಕೂ ಹಳೆಯ ಕಡತವನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳಿವೆ, ಇನ್‌ಪೇಜಿಗೂ ಇವೆ. 2014ರಲ್ಲಿ ಗೂಗಲ್ 'ನೋಟೋ ನಸ್ತಾಲೀಕ್ ಉರ್ದು' ಎಂಬ ಮುಕ್ತ ಫಾಂಟನ್ನೂ ಕೊಟ್ಟಿತು. ಕೆಲಸದ ಕ್ರಮ ಹೀಗಿರಲಿ: ಮೊದಲು ಸಿ.ಡಿ.ಗಳನ್ನು ನಕಲು ಮಾಡಿ, ಏಕೆಂದರೆ ಬಿಸಿಲಿಗೆ ಅವುಗಳ ಲೇಪನ ಹಾಳಾಗುತ್ತದೆ. ವರ್ಚುವಲ್ ಮಷೀನಿನಲ್ಲಿ ಕಡತ ತೆರೆದು ಪ್ರತಿ ಪುಟದ ಪಿಡಿಎಫ್ ತೆಗೆಯಿರಿ, ಅದು ಪುಟದ ರೂಪಕ್ಕೆ ಸಾಕ್ಷಿ. ಆಮೇಲೆ ಬರಹವನ್ನು ಹೊರತೆಗೆದು ಯೂನಿಕೋಡಿಗೆ ಬದಲಾಯಿಸಿ. ಇಷ್ಟಾದ ಮೇಲೆ ವರ್ಚುವಲ್ ಮಷೀನಿಗೆ ಕೆಲಸವಿಲ್ಲ, ಅಟ್ಟಕ್ಕೆ ಹಾಕಬಹುದು.

ಆದರೆ ಪರಿವರ್ತಕವನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಹಳೆಯ ಕನ್ನಡ ಫಾಂಟುಗಳಲ್ಲಿ 'ಸೂರ್ಯ' ಎಂದು ಬರೆದಾಗ ಅರ್ಕಾವತ್ತು ಯಕಾರದ ನಂತರ ಕೂರುತ್ತಿತ್ತು, ಯೂನಿಕೋಡಿನಲ್ಲಿ ರೇಫ ಮೊದಲು ಬರಬೇಕು. ಈ ಅದಲುಬದಲಿನಲ್ಲಿ 'ವರ್ಷ', 'ಕಾರ್ಯದರ್ಶಿ', 'ವಿದ್ಯಾರ್ಥಿ' ಮುಂತಾದ ಪದಗಳನ್ನು ವಿಶೇಷವಾಗಿ ನೋಡಬೇಕು. ನಮ್ಮ ವರದಿಗಳಲ್ಲಿ ಇವೇ ಪದಗಳು ಹೆಚ್ಚು! ಉರ್ದುವಿನಲ್ಲಿ ತೊಂದರೆ ಇನ್ನೂ ಸೂಕ್ಷ್ಮ. ಅರಬ್ಬಿಯ ಕಾಫ್ ಮತ್ತು ಉರ್ದುವಿನ ಕಾಫ್, ಅರಬ್ಬಿಯ ಯೇ ಮತ್ತು ಉರ್ದುವಿನ ಛೋಟೀ ಯೇ, ಪದದೊಳಗೆ ಕಣ್ಣಿಗೆ ಒಂದೇ ರೀತಿ ಕಂಡರೂ ಯೂನಿಕೋಡಿನಲ್ಲಿ ಬೇರೆ ಬೇರೆ ಸಂಖ್ಯೆಗಳು. ತಪ್ಪು ಕಾಫ್ ಬಂದರೆ ಓದುವವರಿಗೆ ಗೊತ್ತೇ ಆಗುವುದಿಲ್ಲ, ಆದರೆ 'ಕಿತಾಬ್' ಎಂದು ಹುಡುಕಿದರೆ ಗಣಕ 'ಇಲ್ಲ' ಎನ್ನುತ್ತದೆ. ಕಾತಿಬರ ತಪ್ಪು ಕಾಗದದ ಮೇಲೆ ಕಾಣುತ್ತಿತ್ತು, ಇದು ಕಾಣುವುದಿಲ್ಲ. ಆದ್ದರಿಂದ ಕೆಲಸಕ್ಕೆ ಕೂರುವಾಗ ಇಬ್ಬರು ಕೂರಿ. ಒಬ್ಬರು ಅಚ್ಚಾದ ಹಳೆಯ ಸಂಚಿಕೆಯನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪರದೆಯ ಮೇಲೆ ಹುಡುಕಿ ತಾಳೆ ನೋಡಲಿ. ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳಿಗೆ ಈ ಕೆಲಸ ಕೊಟ್ಟರೆ ಆಯಿತು. ಆ ಪುಟಗಳಲ್ಲಿ ತಮ್ಮ ತಂದೆ ತಾಯಿಯ ಹೆಸರು ಎಲ್ಲಿದೆ ಎಂದು ಅವರೇ ಮೊದಲು ಹುಡುಕುತ್ತಾರೆ.